ಶಾಲೆಯಲ್ಲಿ ಕಿರು ಕೌಶಲ ಪ್ರಮಾಣಪತ್ರ: ವಿದ್ಯಾಗಿರಿಯಿಂದ ಇಳಕಲ್ಲಿನವರೆಗೆ

ಒಂದು ನಿರ್ದಿಷ್ಟ ಕೆಲಸ ಮಾಡಲು ಬರುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಿ ವಿದ್ಯಾರ್ಥಿಗೆ ಕೊಡುವ, ಚಿಕ್ಕ ಅವಧಿಯ ಕಲಿಕೆಗೆ ಸಂಬಂಧಿಸಿದ ಅರ್ಹತಾಪತ್ರವನ್ನು ಕಿರು ಕೌಶಲ ಪ್ರಮಾಣಪತ್ರ ಎನ್ನುತ್ತಾರೆ. ಇಲಾಖೆಯ ಕಡತಗಳಲ್ಲಿ ಇದು ಮೈಕ್ರೋ ಕ್ರೆಡೆನ್ಷಿಯಲ್. ಊರ ಮಾತಿನಲ್ಲಿ ‘ಸರ್ಟಿಫಿಕೇಟ್ ಕೋರ್ಸ್’. ಎಸ್ಸೆಸ್ಸೆಲ್ಸಿಯಾಗಲಿ ಪದವಿಯಾಗಲಿ ಹಲವು ವಿಷಯಗಳ ಓದನ್ನು ಒಟ್ಟಾಗಿ ಅಳೆಯುತ್ತದೆ. ಕಿರು ಪ್ರಮಾಣಪತ್ರ ಅಳೆಯುವುದು ಬಿಡಿ ಕೆಲಸವನ್ನು: ಅಂಗಿಗೆ ಕಾಜಾ ಹಾಕುವುದು, ಕಂಪ್ಯೂಟರಿನಲ್ಲಿ ಲೆಕ್ಕದ ಹಾಳೆ ಸಿದ್ಧಪಡಿಸುವುದು, ರೋಗಿಯ ರಕ್ತದೊತ್ತಡ ನೋಡುವುದು, ಸ್ಕೂಟರಿನ ಬ್ರೇಕ್ ಬಿಗಿ ಮಾಡುವುದು. ಕಲಿಕೆಯ ಅವಧಿ ಕೆಲವು ಗಂಟೆಗಳಿಂದ ಒಂದು ಶೈಕ್ಷಣಿಕ ವರ್ಷದವರೆಗೆ ಇರಬಹುದು. ಏನನ್ನು ಕಲಿತರು, ಯಾರು ಪರೀಕ್ಷಿಸಿದರು, ಮುಂದೆ ಎಲ್ಲಿ ಇದಕ್ಕೆ ಮಾನ್ಯತೆ ಇದೆ ಎಂಬ ಮೂರು ಸಂಗತಿ ಪತ್ರದಲ್ಲಿ ಖಚಿತವಾಗಿರಬೇಕು. ಮೂರನೆಯದು ಇಲ್ಲದ ಪತ್ರ ಟ್ರಂಕಿನ ತಳ ಸೇರುತ್ತದೆ. ಕರ್ನಾಟಕದ ಶಾಲಾ ಶಿಕ್ಷಣದಲ್ಲಿ ಈ ಪ್ರಯೋಗದ ಕಥೆಯೆಲ್ಲ ಹೆಚ್ಚುಕಡಿಮೆ ಆ ಮೂರನೆಯ ಸಂಗತಿಯ ಸುತ್ತಲೇ ಸುತ್ತುತ್ತದೆ.

ಜಾಗತಿಕವಾಗಿ ಈ ವಿಚಾರಕ್ಕೆ ಔಪಚಾರಿಕ ರೂಪ ಬಂದದ್ದು ಇತ್ತೀಚೆಗೆ. 2011ರಲ್ಲಿ ಮೊಜಿಲ್ಲಾ ಸಂಸ್ಥೆ ಅಂತರಜಾಲದಲ್ಲಿ ತೋರಿಸಬಹುದಾದ ಡಿಜಿಟಲ್ ಬ್ಯಾಡ್ಜುಗಳ ಯೋಜನೆ ಪ್ರಕಟಿಸಿತು. ನ್ಯೂಜಿಲೆಂಡಿನ ಅರ್ಹತಾ ಪ್ರಾಧಿಕಾರ 2018ರಲ್ಲಿ ಕಿರು ಅರ್ಹತೆಗಳನ್ನು ರಾಷ್ಟ್ರೀಯ ವ್ಯವಸ್ಥೆಯೊಳಗೆ ತಂದಿತು. 2022ರಲ್ಲಿ ಯುನೆಸ್ಕೊ ಎಲ್ಲರಿಗೂ ಒಪ್ಪಿಗೆಯಾಗುವ ವ್ಯಾಖ್ಯೆಗಾಗಿ ವರದಿಯೊಂದನ್ನು ಹೊರತಂದಿತು. ಅದೇ ವರ್ಷದ ಜೂನ್‌ನಲ್ಲಿ ಐರೋಪ್ಯ ಒಕ್ಕೂಟದ ಮಂಡಳಿ ಸದಸ್ಯ ದೇಶಗಳಿಗೆ ಶಿಫಾರಸು ಕಳಿಸಿತು. ಅಲ್ಲೆಲ್ಲ ಇದರ ಮುಖ್ಯ ಫಲಾನುಭವಿಗಳು ಕಾಲೇಜು ಮುಗಿಸಿದವರು, ಉದ್ಯೋಗದಲ್ಲಿರುವ ವಯಸ್ಕರು. ಭಾರತದಲ್ಲಿ ಇದು ನೇರವಾಗಿ ಶಾಲೆಯ ತರಗತಿಗೇ ಬಂದಿದೆ. ಆದ್ದರಿಂದ ಇಲ್ಲಿನ ಲಾಭವೂ ಅಪಾಯವೂ ಬೇರೆ ಬಗೆಯವು.

ವಿದ್ಯಾಗಿರಿಯ ಸೀಮೆ

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಾಗಲಕೋಟೆಯ ಹಳೇ ಊರಿನ ಒಂದು ಭಾಗವನ್ನು ನುಂಗಿದ ಮೇಲೆ ನಗರ ಮೂರು ತುಂಡಾಯಿತು: ಹಳೇ ಬಾಗಲಕೋಟೆ, ನವನಗರ, ಇವೆರಡರ ನಡುವಿನ ವಿದ್ಯಾಗಿರಿ. ವಿದ್ಯಾಗಿರಿಗೆ ಹೆಸರು ತಕ್ಕಂತೆಯೇ ಇದೆ. 1906ರಲ್ಲಿ ಹುಟ್ಟಿದ ಬಸವೇಶ್ವರ ವಿದ್ಯಾವರ್ಧಕ ಸಂಘದ ಎಂಜಿನಿಯರಿಂಗ್ ಕಾಲೇಜು 1963ರಿಂದ ಇಲ್ಲಿದೆ. ಅದರ ಸುತ್ತ ಶಾಲೆ, ಕಾಲೇಜು, ವಸತಿನಿಲಯಗಳು ಬೆಳೆದಿವೆ. ಸುತ್ತಲ ತಾಲ್ಲೂಕುಗಳ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೋ ಡಿಪ್ಲೊಮಾಗೋ ಬಸ್ಸು ಹತ್ತಿ ಬರುವುದು ಈ ಗುಡ್ಡಕ್ಕೆ.

ಆ ಮಕ್ಕಳು ಬರುವ ಊರುಗಳಲ್ಲಿ ಕೌಶಲಕ್ಕೆ ಬರವಿಲ್ಲ. ಇಳಕಲ್ಲಿನಲ್ಲಿ ಸೀರೆಯ ಮಗ್ಗ ಮತ್ತು ಕೆಂಪು ಗ್ರಾನೈಟಿನ ಗಣಿ, ಪಾಲಿಶ್ ಘಟಕಗಳು. ಗುಳೇದಗುಡ್ಡದಲ್ಲಿ ಖಣ. ಹುನಗುಂದದ ಸೂಳೇಭಾವಿ, ಕಮತಗಿಯಲ್ಲಿ ನೇಕಾರಿಕೆ, ಅಮೀನಗಡದಲ್ಲಿ ಕರದಂಟು. ಬಾದಾಮಿ, ಐಹೊಳೆ, ಪಟ್ಟದಕಲ್ಲಿನಲ್ಲಿ ಪ್ರವಾಸಿಗರನ್ನು ನಂಬಿದ ನೂರೆಂಟು ಕೆಲಸ. ಈ ಯಾವ ಕೆಲಸಕ್ಕೂ ಶಾಲೆ ಬಹುಕಾಲ ಪತ್ರ ಕೊಟ್ಟಿರಲಿಲ್ಲ. ಪತ್ರ ಸಿಗುತ್ತಿದ್ದುದು ಬೇರೆಯವಕ್ಕೆ.

ಹಿಂದಿನ ಮಾದರಿಗಳು

ಕೈಗೆಲಸದ ನೈಪುಣ್ಯಕ್ಕೆ ಲಿಖಿತ ಮನ್ನಣೆ ಕೊಟ್ಟ ಬಹು ಹಳೆಯ ದಾಖಲೆಯೊಂದು ಇದೇ ಸೀಮೆಯಲ್ಲಿದೆ. ಚಾಲುಕ್ಯ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಮೂರು ಬಾರಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ 8ನೇ ಶತಮಾನದಲ್ಲಿ ಪಟ್ಟದಕಲ್ಲಿನಲ್ಲಿ ಗುಡಿ ಕಟ್ಟಿಸಿದಳು. ಇಂದಿನ ವಿರೂಪಾಕ್ಷ ದೇವಾಲಯ ಅದು. ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದಿತೆಂದು ಅಲ್ಲಿನ ಕನ್ನಡ ಶಾಸನ ಹೇಳುತ್ತದೆ. ರಾಜನ ಹೆಸರಿನ ಪಕ್ಕದಲ್ಲೇ ಕುಶಲಕರ್ಮಿಯ ಹೆಸರೂ ಅವನ ಯೋಗ್ಯತೆಯೂ ಕಲ್ಲಿನಲ್ಲಿ ನಿಂತಿರುವುದು ಗಮನಿಸಬೇಕಾದ ವಿಷಯ. ಯಾವ ಕೆಲಸಕ್ಕೆ, ಯಾರಿಂದ ಎಂಬ ಎರಡೂ ವಿವರ ಅದರಲ್ಲಿವೆ.

ಆಧುನಿಕ ಕಾಲದಲ್ಲಿ ಈ ಪ್ರದೇಶ 1956ರವರೆಗೆ ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಗೆ ಸೇರಿತ್ತು. ಆಗಿನ ಮುಲ್ಕಿ ಪರೀಕ್ಷೆಯನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಕನ್ನಡ ಏಳನೆಯ ಇಯತ್ತೆಯ ಕೊನೆಗೆ ನಡೆಯುತ್ತಿದ್ದ ಆ ಪರೀಕ್ಷೆ ಪಾಸಾದವರಿಗೆ ಪ್ರಾಥಮಿಕ ಶಾಲೆಯ ಮಾಸ್ತರಿಕೆಯೋ ತಲಾಠಿ ಕೆಲಸವೋ ಸಿಗುವ ಸಾಧ್ಯತೆ ಇತ್ತು. ಅದು ಕೌಶಲ ಪರೀಕ್ಷೆಯಲ್ಲ. ಆದರೂ ಚಿಕ್ಕ ಪತ್ರವೊಂದು ನೇರವಾಗಿ ನೌಕರಿಯ ಬಾಗಿಲಿಗೆ ಕೊಂಡೊಯ್ಯುತ್ತಿದ್ದ ಉದಾಹರಣೆಯಾಗಿ ಅದಕ್ಕೆ ಇಲ್ಲಿ ಸ್ಥಾನವಿದೆ.

ನಿಜವಾದ ಪೂರ್ವಜರು ಬೇರೆ ಇದ್ದಾರೆ. ಮುಂಬಯಿ ಸರ್ಕಾರದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳು, ಕರ್ನಾಟಕದ ಲೋವರ್ ಮತ್ತು ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳು. ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್. ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪ್ರಾಥಮಿಕದಿಂದ ಪ್ರವೀಣದವರೆಗಿನ ಮೆಟ್ಟಿಲು. ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ. ಇವೆಲ್ಲವನ್ನೂ ಶಾಲಾ ಮಕ್ಕಳು ಸಂಜೆಯ ಹೊತ್ತಿನಲ್ಲಿ, ರಜೆಯಲ್ಲಿ, ಪಠ್ಯದ ಹೊರಗೆ ಕಲಿತು ಬರೆದರು. ಟೈಪಿಂಗ್ ಪರೀಕ್ಷೆಯಂತೂ ಕಿರು ಕೌಶಲ ಪ್ರಮಾಣಪತ್ರದ ಲಕ್ಷಣಗಳನ್ನೆಲ್ಲ ಒಳಗೊಂಡಿತ್ತು. ನಿಮಿಷಕ್ಕೆ ಎಷ್ಟು ಪದ, ಎಷ್ಟು ತಪ್ಪು ಎಂಬ ಖಚಿತ ಅಳತೆ; ಕಲಿಸಿದವರು ಬೇರೆ, ಪರೀಕ್ಷಿಸುವ ಮಂಡಳಿ ಬೇರೆ; ಸರ್ಕಾರಿ ಕಚೇರಿಯ ಬೆರಳಚ್ಚುಗಾರ, ಶೀಘ್ರಲಿಪಿಗಾರರ ನೇಮಕಾತಿಯಲ್ಲಿ ಆ ಪತ್ರವೇ ಅರ್ಹತೆ. ಉತ್ತರ ಕರ್ನಾಟಕದ ತಾಲ್ಲೂಕು ಕೇಂದ್ರಗಳಲ್ಲಿ ಕಾಮರ್ಸ್ ಇನ್‌ಸ್ಟಿಟ್ಯೂಟ್ ಎಂಬ ಫಲಕದಡಿ ಸಾಲು ಯಂತ್ರಗಳು ಬೆಳಗಿನಿಂದ ರಾತ್ರಿಯವರೆಗೆ ಸದ್ದು ಮಾಡುತ್ತಿದ್ದುದಕ್ಕೆ ಕಾರಣ ಅದು.

ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನದು ಇನ್ನೊಂದು ಮಾದರಿ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ. ದಾರಿಯುದ್ದಕ್ಕೂ ಅಡುಗೆ, ಪ್ರಥಮ ಚಿಕಿತ್ಸೆಯಂಥ ನೈಪುಣ್ಯಗಳಿಗೆ ಒಂದೊಂದು ಪದಕ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಎನ್‌ಸಿಸಿ ಮತ್ತು ಸ್ಕೌಟ್ಸ್-ಗೈಡ್ಸ್ ಅಭ್ಯರ್ಥಿಗಳಿಗೆ ವಿಶೇಷ ಪ್ರವರ್ಗವಿರುವುದರಿಂದ ಪಾಲಕರೂ ಇವನ್ನು ಆಸಕ್ತಿಯಿಂದ ಕೇಳುತ್ತಾರೆ. ಮಾನ್ಯತೆ ಇದ್ದಲ್ಲಿ ಪತ್ರಕ್ಕೆ ಬೇಡಿಕೆ ತಾನಾಗಿ ಹುಟ್ಟುತ್ತದೆ.

ಶಾಲೆಯ ಒಳಗೆ ಕೈಗೆಲಸ ತರುವ ಯತ್ನಗಳಿಗೆ ಅಂಥ ಅದೃಷ್ಟವಿರಲಿಲ್ಲ. ಗಾಂಧೀಜಿಯ 1937ರ ವಾರ್ಧಾ ಯೋಜನೆ ನೂಲುವುದನ್ನೂ ನೇಯುವುದನ್ನೂ ಕಲಿಕೆಯ ಕೇಂದ್ರದಲ್ಲಿಟ್ಟಿತು. 1964-66ರ ಕೊಠಾರಿ ಆಯೋಗ ಕಾರ್ಯಾನುಭವವನ್ನು ಶಿಫಾರಸು ಮಾಡಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದಕ್ಕೆ ಸಮಾಜೋಪಯುಕ್ತ ಉತ್ಪಾದಕ ಕಾರ್ಯವೆಂಬ ಹೊಸ ಹೆಸರು ಕೊಟ್ಟಿತು. ಕರ್ನಾಟಕದ ಪ್ರೌಢಶಾಲೆಗಳಲ್ಲಿ ಹೊಲಿಗೆ, ಕರಕುಶಲ, ತೋಟಗಾರಿಕೆಯ ವೃತ್ತಿ ಶಿಕ್ಷಕರು ಇದ್ದರು. ಆದರೆ ಫಲಿತಾಂಶ ತೀರ್ಮಾನಿಸುವ ಅಂಕಗಳಲ್ಲಿ ಈ ವಿಷಯಗಳಿಗೆ ಪಾಲಿರಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಆ ಅವಧಿಗಳು ಗಣಿತಕ್ಕೋ ಇಂಗ್ಲಿಷಿಗೋ ಹೋಗುತ್ತಿದ್ದವು.

ಪಿಯು ಹಂತದ ಜೆಒಸಿ, ಅಂದರೆ ಉದ್ಯೋಗಾಧಾರಿತ ಕೋರ್ಸುಗಳ ಅನುಭವ ಇನ್ನೂ ಕಹಿ. 1970ರ ದಶಕದ ಕೊನೆಯಲ್ಲಿ ಆರಂಭವಾಗಿ ಮೂರು ದಶಕ ನಡೆದ ಈ ಕೋರ್ಸುಗಳು ಸಾವಿರಾರು ಹುಡುಗ ಹುಡುಗಿಯರಿಗೆ ಕೆಲಸ ಕಲಿಸಿದವು. ಪಿಯುಸಿಗೆ ಸಮಾನವೇ ಎಂಬ ಪ್ರಶ್ನೆ ಮಾತ್ರ ಅವರ ಬೆನ್ನು ಬಿಡಲಿಲ್ಲ. ಕಡೆಗೆ ಕೋರ್ಸುಗಳೇ ನಿಂತವು. ಅರೆಕಾಲಿಕ ಉಪನ್ಯಾಸಕರನ್ನು ಬೇರೆ ಇಲಾಖೆಗಳಿಗೆ ವಿಲೀನಗೊಳಿಸಲು ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ಪಕ್ಕದ ಕೇರಳ 1983-84ರಲ್ಲಿ ಶುರು ಮಾಡಿದ ವೃತ್ತಿಪರ ಹೈಯರ್ ಸೆಕೆಂಡರಿ ಇದಕ್ಕೆ ವ್ಯತಿರಿಕ್ತ. ಅಲ್ಲಿ ಅದು ಪ್ಲಸ್ ಟೂ ವ್ಯವಸ್ಥೆಯ ಭಾಗವಾಗಿ ಉಳಿಯಿತು. ಈಗ ಕಾಸರಗೋಡು ಸೇರಿದಂತೆ ಆ ರಾಜ್ಯದ 389 ಶಾಲೆಗಳು ರಾಷ್ಟ್ರೀಯ ಕೌಶಲ ಚೌಕಟ್ಟಿಗೆ ಹೊಂದಿಕೊಂಡಿದ್ದು, ಉನ್ನತ ವ್ಯಾಸಂಗದ ಹಾದಿಯನ್ನು ಮುಚ್ಚದೆಯೇ ಕೌಶಲ ಪ್ರಮಾಣಪತ್ರ ಕೊಡುತ್ತವೆ.

ಈಗಿನ ವ್ಯವಸ್ಥೆ

2013ರ ಡಿಸೆಂಬರ್ 27ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟನ್ನು ಅಧಿಸೂಚಿಸಿತು. ಎನ್‌ಎಸ್‌ಕ್ಯೂಎಫ್ ಎಂದೇ ಎಲ್ಲರ ಬಾಯಲ್ಲಿರುವ ಈ ಚೌಕಟ್ಟು ಪ್ರತಿ ಉದ್ಯೋಗವನ್ನು ಸಣ್ಣ ಸಣ್ಣ ಕೆಲಸಗಳಾಗಿ ಬಿಡಿಸಿ, ಯಾವುದನ್ನು ಯಾವ ಮಟ್ಟದಲ್ಲಿ ಮಾಡಬಲ್ಲವರಿಗೆ ಯಾವ ಹಂತ ಎಂದು ಗೊತ್ತುಮಾಡುತ್ತದೆ. ಶಾಲೆಗಳಿಗೆ ಇದು ಮೊದಲು ಮಾಧ್ಯಮಿಕ ಶಿಕ್ಷಾ ಅಭಿಯಾನದ ಮೂಲಕ, 2018ರ ನಂತರ ಸಮಗ್ರ ಶಿಕ್ಷಣ ಯೋಜನೆಯ ಮೂಲಕ ಬಂತು. ಪಠ್ಯ ಸಿದ್ಧಪಡಿಸುವುದು ಭೋಪಾಲದ ಕೇಂದ್ರೀಯ ವೃತ್ತಿಶಿಕ್ಷಣ ಸಂಸ್ಥೆ. ಕೌಶಲ ಪರೀಕ್ಷೆಗೆ ಆಯಾ ಉದ್ಯಮದ ಕ್ಷೇತ್ರ ಕೌಶಲ ಮಂಡಳಿಗಳು ಜೊತೆಯಾಗುತ್ತವೆ.

ಕರ್ನಾಟಕದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ 9 ಮತ್ತು 10ನೇ ತರಗತಿಯವರು ಈ ಚೌಕಟ್ಟಿನ ಒಂದು ವಿಷಯವನ್ನು ತೃತೀಯ ಭಾಷೆಯ ಬದಲಿಗೆ ಆರಿಸಿಕೊಳ್ಳುತ್ತಾರೆ. ಎಸ್ಸೆಸ್ಸೆಲ್ಸಿ ವೇಳಾಪಟ್ಟಿ ನೋಡಿದರೆ ಹಿಂದಿ, ಸಂಸ್ಕೃತ, ಉರ್ದು, ಕೊಂಕಣಿ, ತುಳು ಪತ್ರಿಕೆಗಳ ದಿನವೇ ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೊಮೊಬೈಲ್, ಬ್ಯೂಟಿ ಆಂಡ್ ವೆಲ್‌ನೆಸ್‌ನಂಥ ಹೆಸರುಗಳು ಕಾಣುತ್ತವೆ. ಇತ್ತೀಚೆಗೆ ಉಡುಪು ಮತ್ತು ಗೃಹಾಲಂಕಾರ ಜವಳಿ, ಎಲೆಕ್ಟ್ರಾನಿಕ್ಸ್ ಹಾರ್ಡ್‌ವೇರ್ ಸೇರಿವೆ. ದ್ವಿತೀಯ ಪಿಯುಸಿ ವೇಳಾಪಟ್ಟಿಯಲ್ಲೂ ಮಧ್ಯಾಹ್ನದ ಪರೀಕ್ಷೆಗಳಾಗಿ ಇಂಥ ವಿಷಯಗಳಿವೆ. ಆದ್ದರಿಂದ 9ನೇ ತರಗತಿಯಲ್ಲಿ ಹಿಡಿದ ಕೌಶಲವನ್ನು 12ರವರೆಗೆ ಒಯ್ಯುವ ದಾರಿ ಕಾಗದದ ಮೇಲಾದರೂ ಇದೆ.

ತೃತೀಯ ಭಾಷೆಯ ಜಾಗ ಕೊಟ್ಟದ್ದು ಕರ್ನಾಟಕ ಮಾಡಿದ ಜಾಣತನದ ಕೆಲಸ. 625 ಅಂಕಗಳ ಪರೀಕ್ಷೆಯಲ್ಲಿ ನೂರು ಅಂಕದ ಸ್ಥಾನ ಸಿಕ್ಕಿದ್ದರಿಂದ ಈ ವಿಷಯದ ಅವಧಿಯನ್ನು ಕಸಿಯುವುದು ಯಾವ ಶಾಲೆಗೂ ಸುಲಭವಲ್ಲ. ಕಾರ್ಯಾನುಭವಕ್ಕೆ ಎಂದೂ ಸಿಗದಿದ್ದ ರಕ್ಷಣೆ ಇದು. ಹಾಗೆಯೇ ಇದಕ್ಕೆ ಬೆಲೆಯೂ ಇದೆ: ಹಿಂದಿ ಬಿಟ್ಟು ಬ್ಯೂಟಿ ಆಂಡ್ ವೆಲ್‌ನೆಸ್ ತೆಗೆದುಕೊಂಡ ಹುಡುಗಿ ಮುಂದೆ ಆ ಭಾಷೆಯನ್ನು ಶಾಲೆಯಲ್ಲಿ ಕಲಿಯುವ ಅವಕಾಶ ಕಳೆದುಕೊಳ್ಳುತ್ತಾಳೆ. ಗೋವಾ, ಪುಣೆಗಳಿಗೆ ದುಡಿಯಲು ಹೋಗುವ ಕುಟುಂಬಗಳು ಹೆಚ್ಚಿರುವ ಬಾಗಲಕೋಟೆ ಜಿಲ್ಲೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಎರಡು ವರ್ಷದ ಈ ವಿಷಯಗಳಿಗಿಂತ ಚಿಕ್ಕ ಘಟಕಗಳೂ ಬಂದಿವೆ. ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯ ಶಾಲೆಗಳಲ್ಲಿ 6ರಿಂದ 8ನೇ ತರಗತಿಯವರಿಗೆ 12ರಿಂದ 15 ಗಂಟೆಗಳ ಕೌಶಲ ಘಟಕಗಳಿವೆ. ಕೃತಕ ಬುದ್ಧಿಮತ್ತೆಯಿಂದ ಕಸೂತಿಯವರೆಗೆ ವಿಷಯಗಳ ಹರವು ದೊಡ್ಡದು. 2025ರ ಜುಲೈನಲ್ಲಿ ಕೌಶಲಾಭಿವೃದ್ಧಿ ಸಚಿವಾಲಯ ‘ಸೋರ್’ ಎಂಬ ಹೆಸರಿನಲ್ಲಿ ಕೃತಕ ಬುದ್ಧಿಮತ್ತೆಯ ಕಾರ್ಯಕ್ರಮ ಆರಂಭಿಸಿತು. 6ರಿಂದ 12ನೇ ತರಗತಿಯ ವಿದ್ಯಾರ್ಥಿಗಳಿಗೆ ತಲಾ 15 ಗಂಟೆಯ ಮೂರು ಘಟಕ, ಶಿಕ್ಷಕರಿಗೆ 45 ಗಂಟೆಯ ಒಂದು ಘಟಕ.

ಈ ಬಿಡಿ ಗಂಟೆಗಳನ್ನು ಕೂಡಿಸಿ ಲೆಕ್ಕ ಇಡುವುದಕ್ಕೆ 2023ರಲ್ಲಿ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಬಂತು. ಅದರ ಲೆಕ್ಕ ಸರಳ. 30 ಗಂಟೆ ಕಲಿಕೆಗೆ ಒಂದು ಕ್ರೆಡಿಟ್. ಶಾಲೆಯ ಒಂದು ವರ್ಷ 1,200 ಗಂಟೆ, ಅಂದರೆ 40 ಕ್ರೆಡಿಟ್. 5ನೇ ತರಗತಿ ಮುಗಿದಾಗ ಒಂದನೇ ಹಂತ, 8ಕ್ಕೆ ಎರಡು, 10ಕ್ಕೆ ಮೂರು, 12ಕ್ಕೆ ನಾಲ್ಕು. ತರಗತಿಯ ಪಾಠ, ಕಾರ್ಯಾಗಾರದ ಕೆಲಸ, ಆಟ, ಕಲೆ ಎಲ್ಲವೂ ಒಂದೇ ಮಾನದಂಡದಲ್ಲಿ ಅಳೆಯಲ್ಪಡಬೇಕೆಂಬುದು ಇದರ ಆಶಯ. ಈ ಲೆಕ್ಕದಲ್ಲಿ 15 ಗಂಟೆಯ ಘಟಕ ಅರ್ಧ ಕ್ರೆಡಿಟ್. ಒಂದು ವರ್ಷದ ಓದಿನ ಎಂಬತ್ತನೇ ಒಂದು ಭಾಗ. ಅಷ್ಟು ಚಿಕ್ಕ ಕಲಿಕೆಯನ್ನು ದೊಡ್ಡ ಹೆಸರಿನಿಂದ ಕರೆದು, ಮಗುವಿಗೂ ಪಾಲಕರಿಗೂ ಇಲ್ಲದ ಭರವಸೆ ಹುಟ್ಟಿಸುವುದು ಅನ್ಯಾಯ. ಪರಿಚಯಕ್ಕೆ ಪರಿಚಯವೆಂದೇ, ಪರಿಣತಿಗೆ ಪರಿಣತಿಯೆಂದೇ ಪತ್ರದಲ್ಲಿ ಬರೆಯಬೇಕು.

ಕ್ರೆಡಿಟ್ಟುಗಳನ್ನು ಕೂಡಿಡುವ ಖಾತೆಯಾಗಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ 2021ರಲ್ಲಿ ಉನ್ನತ ಶಿಕ್ಷಣಕ್ಕೆ ಬಂತು. ಶಾಲಾ ಮಕ್ಕಳಿಗೆ 12 ಅಂಕಿಯ ‘ಅಪಾರ್’ ಗುರುತಿನ ಸಂಖ್ಯೆ ನೀಡುವ ಕೆಲಸ ನಡೆದಿದೆ. ಪತ್ರ ಡಿಜಿಲಾಕರಿನಲ್ಲಿ ಕೂತರೆ ಹರಿಯುವ, ಕಳೆಯುವ ಭಯವಿಲ್ಲ. ಆಲಮಟ್ಟಿಯ ನೀರು ಬಂದಾಗ ಮನೆ ಬಿಟ್ಟು ಹೊರಟ ಕುಟುಂಬಗಳ ಈ ನಾಡಿನಲ್ಲಿ ಆ ಅನುಕೂಲದ ಬೆಲೆಯನ್ನು ಯಾರಿಗೂ ವಿವರಿಸಬೇಕಿಲ್ಲ.

ಮಗ್ಗ, ಕಸೂತಿ, ಕಲ್ಲು

2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಊರಿನ ಬಡಿಗ, ಕುಂಬಾರ, ತೋಟಗಾರ, ಕಲಾವಿದರ ಬಳಿ ಕಲಿಯಬೇಕೆಂದಿತು. ಯಾವ ಕಸುಬು ಎಂಬುದನ್ನು ರಾಜ್ಯ ಮತ್ತು ಸ್ಥಳೀಯರು ತೀರ್ಮಾನಿಸಲಿ ಎಂದಿತು. ಹನ್ನೆರಡನೇ ಪಂಚವಾರ್ಷಿಕ ಯೋಜನೆಯ ಅಂದಾಜನ್ನು ಅದು ಉಲ್ಲೇಖಿಸುತ್ತದೆ: 19ರಿಂದ 24 ವಯಸ್ಸಿನ ಭಾರತೀಯ ದುಡಿಮೆಗಾರರಲ್ಲಿ ಔಪಚಾರಿಕ ವೃತ್ತಿಶಿಕ್ಷಣ ಪಡೆದವರು ಶೇ 5ಕ್ಕಿಂತ ಕಡಿಮೆ, ಜರ್ಮನಿಯಲ್ಲಿ ಶೇ 75, ದಕ್ಷಿಣ ಕೊರಿಯಾದಲ್ಲಿ ಶೇ 96. ಈ ಅಂಕಿಯನ್ನು ಓದುವಾಗ ಔಪಚಾರಿಕ ಎಂಬ ಪದದ ಮೇಲೆ ಕಣ್ಣಿಡಬೇಕು. ಇಳಕಲ್ಲಿನ ಮಗ್ಗದ ಮನೆಯಲ್ಲಿ ಬೆಳೆದ ಹುಡುಗ ಈ ಎಣಿಕೆಯಲ್ಲಿ ಕೌಶಲವಿಲ್ಲದವನು.

ಅವನಿಗೆ ಏನು ಬರುತ್ತದೆ ಎಂದು ನೋಡಿದರೆ ಈ ಎಣಿಕೆಯ ಕೊರತೆ ತಿಳಿಯುತ್ತದೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿಯೋ ರೇಷ್ಮೆಯೋ ಇರಬಹುದು, ಸೆರಗಿಗೆ ರೇಷ್ಮೆ. ಎರಡೂ ಹಾಸಿನ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಕೆಂಪು ನೆಲದ ಮೇಲೆ ಬಿಳಿಯ ವಿನ್ಯಾಸದ ಆ ತೋಪ್ ತೆನಿ ಸೆರಗು ಈ ಸೀರೆಯ ಗುರುತು. ದಡಿಯಲ್ಲಿ ಗೋಮಿ, ಪರಾಸ್‌ಪೇಟ್, ಗಾಡಿ ಎಂಬ ಬಗೆಗಳಿವೆ. ಪ್ರತಿ ಸೀರೆಗೂ ಹೊಸದಾಗಿ ಕೊಂಡಿ ಹಾಕಬೇಕಾದ್ದರಿಂದ ಬೇರೆ ಕಡೆಯಂತೆ ಉದ್ದದ ಹಾಸನ್ನು ಸುತ್ತಿಟ್ಟು ಒಂದರ ಮೇಲೊಂದು ನೇಯಲಾಗದು. ನೂಲು ಸುತ್ತುವವರು, ಬಣ್ಣ ಹಾಕುವವರು, ಹಾಸು ಹೂಡುವವರು, ಕೊಂಡಿ ಹಾಕುವವರು, ಕುಣಿಮಗ್ಗದಲ್ಲಿ ಕೂತು ಲಾಳಿ ಎಸೆಯುವವರು: ಒಂದು ಸೀರೆಯ ಹಿಂದೆ ಇಷ್ಟು ಬಿಡಿ ಕೌಶಲಗಳಿವೆ. ಕಿರು ಪ್ರಮಾಣಪತ್ರ ಬಯಸುವುದು ಇಂಥ ವಿಂಗಡಣೆಯನ್ನೇ. ಮನೆಯ ಹೆಂಗಸರು ಮತ್ತು ಹಿರಿಯರು ಮಾಡುವ, ಕೂಲಿಯ ಲೆಕ್ಕದಲ್ಲಿ ಎಷ್ಟೋ ಸಲ ಕಾಣದೇ ಹೋಗುವ ಪೂರ್ವತಯಾರಿಯ ಕೆಲಸಗಳಿಗೂ ಇದರಿಂದ ಹೆಸರು ಬರುತ್ತದೆ.

ರಾಷ್ಟ್ರೀಯ ಚೌಕಟ್ಟಿನಲ್ಲಿ ಜವಳಿ ಕ್ಷೇತ್ರ ಕೌಶಲ ಮಂಡಳಿಯ ಕೈಮಗ್ಗ ನೇಕಾರ, ಜಕಾರ್ಡ್ ನೇಕಾರ, ಲಡಿ ಬಣ್ಣಗಾರ ಮುಂತಾದ ಅರ್ಹತೆಗಳಿವೆ. ಕಸುಬುದಾರರ ಪೂರ್ವಕಲಿಕೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಪದ್ಧತಿಯೂ ಇದೆ. ಶಾಲೆ ಬಿಟ್ಟ ನೇಕಾರ ಮಕ್ಕಳು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಓದು ಮುಂದುವರಿಸಲು ಜವಳಿ ಸಚಿವಾಲಯ ಪರಿಶಿಷ್ಟರು, ಬಡವರು ಮತ್ತು ಮಹಿಳೆಯರ ಶುಲ್ಕದ ಶೇ 75ರಷ್ಟನ್ನು ಭರಿಸುವ ಒಪ್ಪಂದ ಮಾಡಿಕೊಂಡಿದೆ. ಇವೆಲ್ಲ ಶಾಲೆಯ ಹೊರಗಿನ ಏರ್ಪಾಡುಗಳು. ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ಮಗ್ಗವಿಲ್ಲ. ಉಡುಪು ವಿಷಯವಿದೆ, ಅದು ಹೊಲಿಗೆಯ ಲೋಕ. ರಿಟೇಲ್ ವಿಷಯದಲ್ಲಿ ಸೀರೆ ಮಾರುವುದನ್ನು ಕಲಿಯಬಹುದು, ಸೀರೆ ನೇಯುವುದನ್ನು ಕಲಿಯಲಾಗದು. ಭೌಗೋಳಿಕ ಗುರುತು ಪಡೆದ ಸೀರೆಯ ಊರಿನಲ್ಲಿ ಈ ಅಂತರ ಎದ್ದು ಕಾಣುತ್ತದೆ.

ಕಸೂತಿಗೆ ದಾರಿ ಸ್ವಲ್ಪ ಹತ್ತಿರ. ಕೈಕಸೂತಿಗಾರರ ಅರ್ಹತೆ ಉಡುಪು ಕ್ಷೇತ್ರದ ಪಟ್ಟಿಯಲ್ಲೇ ಇದೆ. ಇಳಕಲ್ ಸೀರೆಯ ಮೇಲೆ ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳು ನಾಲ್ಕು ಘಟಕಗಳಾಗಲು ಹೇಳಿಮಾಡಿಸಿದಂತಿವೆ. ಗವಂತಿ ಮತ್ತು ಮುರ್ಗಿಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಸಮ ಕಾಣಬೇಕು, ಗಂಟು ಇರಕೂಡದು. ಪರೀಕ್ಷಕರು ಬಟ್ಟೆ ತಿರುವಿ ನೋಡಿದರೆ ಸಾಕು. ಬರೆಹದ ಪತ್ರಿಕೆ ಬೇಕಿಲ್ಲ, ವಾದಕ್ಕೂ ಎಡೆಯಿಲ್ಲ. ಗಣಿತದಲ್ಲಿ ಸಮ್ಮಿತಿಯ ಪಾಠ ಕಲಿಸುವ ಶಿಕ್ಷಕಿಗೆ ಇದಕ್ಕಿಂತ ಒಳ್ಳೆಯ ಸಾಧನವೂ ಸಿಗಲಾರದು.

ಬಾದಾಮಿ ಕಡೆಯದು ಮಾತಿನ ಕೌಶಲ. ಮೇಣಬಸದಿಯ ಮೆಟ್ಟಿಲು ಹತ್ತುವ ಪ್ರವಾಸಿಗೆ ನಟರಾಜನನ್ನು ತೋರಿಸಿ ವಿವರಿಸಲು, ಐಹೊಳೆಯ ಮೇಗುತಿಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನದ ಮಹತ್ವ ಹೇಳಲು, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನಲ್ಲಿ ನಾಗರ, ದ್ರಾವಿಡ ಶಿಖರಗಳ ಭೇದ ಗುರುತಿಸಲು ಇತಿಹಾಸವೂ ಬೇಕು, ಎರಡು ಮೂರು ಭಾಷೆಯೂ ಬೇಕು. ಪ್ರೌಢಶಾಲೆಯ ಸಮಾಜ ವಿಜ್ಞಾನ ಮತ್ತು ಭಾಷಾ ಪಾಠಗಳನ್ನು ಒಟ್ಟಿಗೆ ದುಡಿಸಿಕೊಳ್ಳುವ ಇಂಥ ಘಟಕ ಬೇರೆ ಎಲ್ಲಿ ಸಾಧ್ಯ? ಕರ್ನಾಟಕದ ಶಾಲೆಗಳಲ್ಲಿ ತಿಂಗಳಿಗೊಮ್ಮೆ ಚೀಲವಿಲ್ಲದೆ ನಡೆಯುವ ಸಂಭ್ರಮ ಶನಿವಾರ ಅದಕ್ಕೆ ಸಿದ್ಧ ಅವಕಾಶ. ಇಳಕಲ್ಲಿನ ಗ್ರಾನೈಟ್ ಕೆಲಸ ಮಾತ್ರ ಈ ಸಾಲಿಗೆ ಸೇರಬಾರದು. ಕಲ್ಲಿನ ದೂಳು ಶ್ವಾಸಕೋಶ ತಿನ್ನುತ್ತದೆ, ಎಳೆಯರಿಗೆ ಅಲ್ಲಿ ಜಾಗವಿಲ್ಲ.

ಜಾತಿ ಮತ್ತು ಕಸುಬು

ಮಗ್ಗದ ಮಗುವಿಗೆ ಮಗ್ಗದ ಪತ್ರ ಕೊಡುವುದು ಎಷ್ಟು ಸರಿ ಎಂಬ ಪ್ರಶ್ನೆಯನ್ನು ದಾಟಿ ಹೋಗುವಂತಿಲ್ಲ. ನೆರೆಯ ಮದ್ರಾಸ್ ರಾಜ್ಯದಲ್ಲಿ 1953ರಲ್ಲಿ ಮುಖ್ಯಮಂತ್ರಿ ರಾಜಾಜಿ ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ಅರ್ಧ ದಿನ ಪಾಠ, ಉಳಿದ ಹೊತ್ತು ಮನೆಯ ಕಸುಬು ಎಂಬ ಯೋಜನೆ ತಂದರು. ಕುಲಕಸುಬಿನ ಶಿಕ್ಷಣವೆಂದು ಜನ ಅದನ್ನು ತಿರಸ್ಕರಿಸಿದರು. ಮರುವರ್ಷ ರಾಜಾಜಿ ಅಧಿಕಾರದಿಂದ ಇಳಿದರು. ನಂತರ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ಅಕ್ಷರವೇ ಬಿಡುಗಡೆಯ ದಾರಿ ಎಂದು ನಂಬಿದ ಸಮುದಾಯಗಳ ಸಿಟ್ಟು ಅಂದು ಪೂರ್ತಿ ನ್ಯಾಯವಾದದ್ದಾಗಿತ್ತು, ಇಂದಿಗೂ ಆಗಿದೆ. 2016ರ ತಿದ್ದುಪಡಿಯ ನಂತರ ಬಾಲಕಾರ್ಮಿಕ ಕಾಯಿದೆ ಶಾಲೆಯ ಸಮಯದ ಹೊರಗೆ ಮನೆಯ ಕಸುಬಿನಲ್ಲಿ ಮಕ್ಕಳು ಕೈಜೋಡಿಸಲು ಅವಕಾಶ ಕೊಟ್ಟಿರುವುದರಿಂದ, ಶಾಲೆಯ ಪ್ರಮಾಣಪತ್ರವೇ ಮಗುವನ್ನು ಮಗ್ಗಕ್ಕೆ ಕಟ್ಟುವ ನೆಪವಾಗಬಾರದೆಂಬ ಎಚ್ಚರ ಇನ್ನೂ ಹೆಚ್ಚಬೇಕು.

ಎಚ್ಚರ ಸಾಧ್ಯವಾಗುವುದು ಎರಡು ಕ್ರಮಗಳಿಂದ. ಮೊದಲನೆಯದು, ನೇಯ್ಗೆಯ ಘಟಕ ನೇಕಾರರ ಮಕ್ಕಳಿಗೆ ಮೀಸಲಾಗದೆ ತರಗತಿಯ ಎಲ್ಲರಿಗೂ ಇರಬೇಕು. ವೈದ್ಯರ ಮಗಳೂ ಕೊಂಡಿ ಹಾಕಿ ನೋಡಲಿ, ನೇಕಾರರ ಮಗ ಎಲೆಕ್ಟ್ರಾನಿಕ್ಸ್ ಆರಿಸಿಕೊಳ್ಳಲಿ. ಎರಡನೆಯದು, ಈ ಪತ್ರ ಮೇಲಿನ ಓದಿಗೆ ಎಣಿಕೆಯಾಗಬೇಕು. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರುವ ವ್ಯವಸ್ಥೆ ಕರ್ನಾಟಕದಲ್ಲಿದೆ. ಆ ಕಿಂಡಿಯಿಂದ ಸಾವಿರಾರು ಮಂದಿ ಎಂಜಿನಿಯರಿಂಗ್‌ವರೆಗೆ ಏರಿದ್ದಾರೆ. ಶಾಲೆಯ ಕೌಶಲ ಪತ್ರಕ್ಕೂ ವಿದ್ಯಾಗಿರಿಯಂಥ ಶಿಕ್ಷಣ ಕೇಂದ್ರದ ಬಾಗಿಲಲ್ಲಿ ಅಂಥ ಬೆಲೆ ಸಿಕ್ಕರೆ, ಕುಲಕಸುಬಿನ ಆಪಾದನೆಗೆ ಅದಕ್ಕಿಂತ ಗಟ್ಟಿ ಉತ್ತರವಿಲ್ಲ.

ಕಲಿಸುವವರು, ಪರೀಕ್ಷಿಸುವವರು

ಶಾಲೆಗಳಲ್ಲಿ ಈ ವಿಷಯಗಳನ್ನು ಕಲಿಸುವ ತರಬೇತುದಾರರು ಬಹುಪಾಲು ಹೊರಗುತ್ತಿಗೆಯವರು. ತರಬೇತಿ ಸಂಸ್ಥೆಯ ಕರಾರು ಮುಗಿದಾಗ ಅವರ ಕೆಲಸವೂ ಮುಗಿಯುತ್ತದೆ. 9ನೇ ತರಗತಿಯಲ್ಲಿ ಕಲಿಸಿದವರು 10ರಲ್ಲಿ ಇರುತ್ತಾರೆಂಬ ಖಾತರಿ ಇಲ್ಲದ ಕಡೆ ಮಗುವಿನ ಪ್ರಗತಿಯನ್ನು ಯಾರು ಹಿಂಬಾಲಿಸಬೇಕು? ಪ್ರಾಯೋಗಿಕ ಪರೀಕ್ಷೆಗೆ ಬರುವ ಮೌಲ್ಯಮಾಪಕರು ಒಂದೇ ದಿನದಲ್ಲಿ ಇಡೀ ತರಗತಿಯನ್ನು ನೋಡಿ ಹೊರಡಬೇಕಾದಾಗ ಕೌಶಲದ ಪರೀಕ್ಷೆ ಪ್ರಶ್ನೋತ್ತರವಾಗಿ ಕುಗ್ಗುತ್ತದೆ.

ಕಸುಬು ಬಲ್ಲವರನ್ನು ಶಾಲೆಗೆ ಕರೆಯುವುದಕ್ಕೆ ಇರುವ ಅಡ್ಡಿ ಇನ್ನೊಂದು. ನಲವತ್ತು ವರ್ಷ ಮಗ್ಗದಲ್ಲಿ ಕೂತ ನೇಕಾರನಿಗೆ ಶೈಕ್ಷಣಿಕ ಅರ್ಹತೆಯ ಕಾಲಂ ತುಂಬಲು ಏನೂ ಇರುವುದಿಲ್ಲ. ಪೂರ್ವಕಲಿಕೆಯ ಪ್ರಮಾಣಪತ್ರ ಮೊದಲು ಸಿಗಬೇಕಾದದ್ದು ಅವನಿಗೆ. ಆಮೇಲೆ ಅವನೇ ಶಾಲೆಯ ಅತಿಥಿ ಶಿಕ್ಷಕನಾಗಬಹುದು, ಗೌರವಧನ ಪಡೆಯಬಹುದು. ಎನ್‌ಸಿಇಆರ್‌ಟಿ 6ನೇ ತರಗತಿಗೆ ಪ್ರಕಟಿಸಿದ ‘ಕೌಶಲ ಬೋಧ’ ಪುಸ್ತಕ ಜೀವಜಗತ್ತಿನೊಂದಿಗಿನ ಕೆಲಸ, ಯಂತ್ರ ಮತ್ತು ವಸ್ತುಗಳೊಂದಿಗಿನ ಕೆಲಸ, ಮಾನವ ಸೇವೆಯ ಕೆಲಸ ಎಂದು ಮೂರು ಬಗೆ ಮಾಡಿ, ಯೋಜನೆಗಳನ್ನು ಸ್ಥಳೀಯವಾಗಿ ಆರಿಸಿಕೊಳ್ಳಲು ಶಾಲೆಗೆ ಬಿಡುತ್ತದೆ. ಸೂಳೇಭಾವಿಯ ಶಾಲೆ ಮಗ್ಗವನ್ನೂ ಅಮೀನಗಡದ ಶಾಲೆ ಕರದಂಟಿನ ಪಾಕ, ತೂಕ, ಲೆಕ್ಕವನ್ನೂ ಆರಿಸಿಕೊಳ್ಳಲು ಅದರಲ್ಲಿ ಅಡ್ಡಿಯೇನಿಲ್ಲ.

ನೀತಿಯ ಮಟ್ಟದಲ್ಲಿ ಕರ್ನಾಟಕ ಈಗ ತಿರುವಿನಲ್ಲಿದೆ. ರಾಷ್ಟ್ರೀಯ ಶಿಕ್ಷಣ ನೀತಿಯ ಬದಲಿಗೆ ರಾಜ್ಯದ್ದೇ ನೀತಿ ರೂಪಿಸಲು ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ನೇಮಕವಾದ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿ, ಶಾಲೆಯಲ್ಲಿ ದ್ವಿಭಾಷಾ ಸೂತ್ರವನ್ನು ಶಿಫಾರಸು ಮಾಡಿದೆ. ಚರ್ಚೆಯೆಲ್ಲ ಹಿಂದಿಯ ಸುತ್ತ ನಡೆಯುತ್ತಿದೆ. ಆದರೆ ಕೌಶಲ ವಿಷಯಗಳು ನಿಂತಿರುವುದೂ ಅದೇ ತೃತೀಯ ಭಾಷೆಯ ಜಾಗದಲ್ಲಿ. ಆ ಜಾಗ ಬದಲಾದರೆ ಎಸ್ಸೆಸ್ಸೆಲ್ಸಿಯ ಅಂಕಪಟ್ಟಿಯಲ್ಲಿ ಕೌಶಲಕ್ಕೆ ತನ್ನದೇ ಪ್ರತ್ಯೇಕ ಸಾಲು, ಅಂಕ ಮತ್ತು ಅವಧಿಗಳನ್ನು ಮೊದಲೇ ಕಾಯ್ದಿರಿಸಬೇಕಾಗುತ್ತದೆ. ಇಲ್ಲವಾದರೆ ಆಟೊಮೊಬೈಲ್, ಉಡುಪು, ಎಲೆಕ್ಟ್ರಾನಿಕ್ಸ್ ಓದುತ್ತಿರುವ ಸರ್ಕಾರಿ ಶಾಲೆಯ ಮಕ್ಕಳ ವಿಷಯ ಮತ್ತೆ ಕಾರ್ಯಾನುಭವದ ಹಾಗೆ ಫಲಿತಾಂಶದ ಲೆಕ್ಕದಿಂದ ಹೊರಗುಳಿಯುತ್ತದೆ.